8 ದೇಶ ಬೇಡ ಪುಟ್ಟಿ, 4 ಸಾಕು

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಪಟ್ಟಿಯನ್ನು ಎರಡು ಸಲ ಓದಿದೆ. ಮೊದಲ ಸಲ ಖುಷಿಗೆ, ಎರಡನೇ ಸಲ ಪೆನ್ಸಿಲ್ ಹಿಡಿದು. ಗೆಳತಿಯ ಜೊತೆ ಯುರೋಪಿಗೆ ಹೋಗಿ, ಬಾಡಿಗೆ ಕಾರು ತೆಗೆದುಕೊಂಡು, ನೀನೇ ಓಡಿಸಿಕೊಂಡು ಸುತ್ತಿ ಬರುತ್ತೇನೆ ಅಂದಿದ್ದೀಯ. ಖಂಡಿತ ಹೋಗು. ನಿನ್ನನ್ನು ತಡೆಯೋದಕ್ಕೆ ಈ ಪತ್ರ ಬರೆಯುತ್ತಿಲ್ಲ. ನಿನಗಿಂತ ಮೊದಲು ಆ ರಸ್ತೆಗಳಲ್ಲಿ ತಪ್ಪು ಮಾಡಿ ಬಂದವಳು ನಾನು. ಗೊತ್ತಿದ್ದೂ ಹೇಳದೆ ಇದ್ದರೆ ಆಮೇಲೆ ಮನಸ್ಸಿಗೆ ಸಮಾಧಾನ ಇರುವುದಿಲ್ಲ.

ಪ್ಯಾರಿಸ್, ಬ್ರಸೆಲ್ಸ್, ಆಮ್‌ಸ್ಟರ್‌ಡ್ಯಾಮ್, ಬರ್ಲಿನ್, ಪ್ರಾಗ್, ವಿಯೆನ್ನಾ, ವೆನಿಸ್, ಜ್ಯೂರಿಕ್, ಮತ್ತೆ ಪ್ಯಾರಿಸ್. 12 ದಿನ, 8 ದೇಶ. ಕೂಡಿಸಿ ನೋಡಿದೆ, ಸುಮಾರು 3,600 ಕಿಲೋಮೀಟರ್ ಆಗುತ್ತದೆ. ಅಂದರೆ ದಿನಕ್ಕೆ 300 ಕಿಲೋಮೀಟರ್, ಒಂದು ದಿನವೂ ಬಿಡುವಿಲ್ಲದೆ. ಇಷ್ಟು ಓಡಿಸಿ ಸಂಜೆ ಊರು ಸೇರಿ, ಪಾರ್ಕಿಂಗ್ ಹುಡುಕಿ, ಬೆಳಗ್ಗೆ ಎದ್ದು ಮತ್ತೆ ಹೊರಡಬೇಕು. ಊರು ನೋಡುವುದು ಯಾವಾಗ?

ಇನ್ನೊಂದು ಮಾತು. ನಿನ್ನ ಪಟ್ಟಿಯಲ್ಲಿರುವುದೆಲ್ಲ ದೊಡ್ಡ ಊರುಗಳೇ. ಅಲ್ಲಿ ಕಾರು ಸಹಾಯಕ್ಕಿಂತ ಹೊರೆಯೇ ಜಾಸ್ತಿ. ಟ್ರಾಮ್ ಹಳಿ, ಸೈಕಲ್ ದಾರಿ, ಒಂದೇ ಕಡೆ ಓಡುವ ಬೀದಿಗಳು, ಹೊಗೆ ನಿಯಂತ್ರಣದ ವಲಯಗಳು, ದುಬಾರಿ ಪಾರ್ಕಿಂಗ್. ವೆನಿಸ್‌ನಲ್ಲಂತೂ ಕಾರನ್ನು ಊರ ಬಾಗಿಲಲ್ಲೇ ಬಿಟ್ಟು ಹೋಗಬೇಕು. ಈ ಊರುಗಳ ನಡುವೆ ಒಳ್ಳೆಯ ರೈಲುಗಳಿವೆ. ಊರಿಗೆ ರೈಲು ಸಾಕು. ಕಾರು ಬೇಕಾಗೋದು ಬೆಟ್ಟಕ್ಕೆ, ಹಳ್ಳಿಗೆ, ಬಸ್ಸು ದಿನಕ್ಕೆ ನಾಲ್ಕೇ ಸಲ ಬರುವ ಕಣಿವೆಗೆ.

ಅದಕ್ಕೇ ಹೇಳುತ್ತೇನೆ, ಆಲ್ಪ್ಸ್ ಹಿಡಿ. ಮ್ಯೂನಿಕ್‌ನಲ್ಲಿ ಕಾರು ತೆಗೆದುಕೋ. ಅಲ್ಲಿಂದ ಆಸ್ಟ್ರಿಯಾದ ಸಾಲ್ಜ್‌ಬರ್ಗ್, ಆಮೇಲೆ ಗ್ರೋಸ್‌ಗ್ಲಾಕ್ನರ್ ಬೆಟ್ಟದ ರಸ್ತೆ, ಇಟಲಿಯ ಡೋಲಮೈಟ್ಸ್ ಬೆಟ್ಟಗಳು, ಬೋಲ್ಜಾನೊ ಊರು, ಸ್ಟೆಲ್ವಿಯೊ ಕಣಿವೆದಾರಿ, ಸ್ವಿಟ್ಜರ್ಲೆಂಡಿನ ದಾವೋಸ್, ಕಾನ್‌ಸ್ಟನ್ಸ್ ಸರೋವರದ ದಡ, ಮತ್ತೆ ಮ್ಯೂನಿಕ್. ಎಲ್ಲ ಸೇರಿ 1,100 ಕಿಲೋಮೀಟರ್ ಆಸುಪಾಸು. ನಾಲ್ಕು ದೇಶ. ಲೆಕ್ಕ ದೊಡ್ಡದಾಗಬೇಕು ಅಂತಿದ್ದರೆ ದಾರಿಯಲ್ಲಿ ಲಿಕ್ಟನ್‌ಸ್ಟೈನ್ ಕೂಡ ಸಿಗುತ್ತದೆ, ಐದಾಗುತ್ತದೆ. ಶುರು ಮಾಡಿದ ಊರಿಗೇ ವಾಪಸ್ ಬರುವ ಹಾಗೆ ಇಟ್ಟದ್ದು ಸುಮ್ನೆ ಅಲ್ಲ. ಒಂದು ದೇಶದಲ್ಲಿ ಕಾರು ತೆಗೆದುಕೊಂಡು ಇನ್ನೊಂದು ದೇಶದಲ್ಲಿ ಬಿಟ್ಟರೆ ಬಾಡಿಗೆ ಕಂಪನಿಗಳು ಬೇರೆಯೇ ದುಡ್ಡು ಕೇಳುತ್ತವೆ. ಕೆಲವೊಮ್ಮೆ ಅದು ಬಾಡಿಗೆಗಿಂತ ಜಾಸ್ತಿ.

ದಿನಗಳನ್ನು ಕಿಲೋಮೀಟರ್‌ನಲ್ಲಿ ಅಳೆಯಬೇಡ, ಗಂಟೆಯಲ್ಲಿ ಅಳೆ. ಗ್ರೋಸ್‌ಗ್ಲಾಕ್ನರ್ ರಸ್ತೆ 48 ಕಿಲೋಮೀಟರ್ ಅಷ್ಟೇ. 1935ರಲ್ಲಿ ತೆರೆದ ರಸ್ತೆ ಅದು, 36 ತಿರುವು. ಫೋನು ಒಂದು ಗಂಟೆ ಚಿಲ್ಲರೆ ಅನ್ನುತ್ತದೆ. ಆದರೆ ಪ್ರತಿ ತಿರುವಿನಲ್ಲೂ ಇಳಿಯಬೇಕು ಅನಿಸುತ್ತದೆ, ಇಳಿಯಲೂಬೇಕು. ಅದಕ್ಕೆ ಅರ್ಧ ದಿನ ಕೊಡು. ಅಲ್ಲಿಗೆ ಪ್ರವೇಶ ಶುಲ್ಕ ಇದೆ, ರಾತ್ರಿ ಮುಚ್ಚುತ್ತಾರೆ, ಚಳಿಗಾಲದಲ್ಲಿ ಪೂರ್ತಿ ಮುಚ್ಚುತ್ತಾರೆ. ಸ್ಟೆಲ್ವಿಯೊ 2,757 ಮೀಟರ್ ಎತ್ತರದಲ್ಲಿದೆ. ಪ್ರಾಟೊ ಹಳ್ಳಿಯ ಕಡೆಯಿಂದ ಹತ್ತಿದರೆ 48 ಹೇರ್‌ಪಿನ್ ತಿರುವು. ನೀನು ಸೆಪ್ಟೆಂಬರ್ ಅಂದಿದ್ದೀಯ. ಒಳ್ಳೆಯ ತಿಂಗಳು. ಆದರೂ ಅಷ್ಟು ಎತ್ತರದಲ್ಲಿ ಸೆಪ್ಟೆಂಬರ್‌ನಲ್ಲೂ ಹಿಮ ಬೀಳಬಹುದು. ಹಿಂದಿನ ರಾತ್ರಿ ರಸ್ತೆ ತೆರೆದಿದೆಯಾ ಅಂತ ನೋಡಿಕೊಂಡೇ ಮಲಗು. ಮುಚ್ಚಿದ್ದರೆ ಬೇರೆ ದಾರಿ ಯಾವುದು ಅಂತ ಮೊದಲೇ ಬರೆದಿಟ್ಟಿರು.

ಇಳಿಯುವಾಗ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯಬೇಡ. ಉದ್ದದ ಇಳಿಜಾರಿನಲ್ಲಿ ಬ್ರೇಕ್ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ. ಆಟೊಮ್ಯಾಟಿಕ್ ಕಾರಾದರೆ ಕೈಯಿಂದ ಗೇರು ಇಳಿಸುವುದು ಹೇಗೆ ಅಂತ ಕಾರು ತೆಗೆದುಕೊಳ್ಳುವಾಗಲೇ ಕೇಳಿ ತಿಳಿದುಕೋ. ಸ್ವಿಟ್ಜರ್ಲೆಂಡಿನ ಬೆಟ್ಟದಲ್ಲಿ ಹಳದಿ ಬಣ್ಣದ ಪೋಸ್ಟ್ ಬಸ್ಸುಗಳು ಬರುತ್ತವೆ. ಅವು ತಿರುವಿಗೆ ಮೊದಲು ಹಾರ್ನ್ ಬಾರಿಸುತ್ತವೆ. ನೀಲಿ ಫಲಕದ ಮೇಲೆ ಹಳದಿ ಕೊಂಬಿನ ಚಿತ್ರ ಇದ್ದ ರಸ್ತೆಯಲ್ಲಿ ಬಸ್ಸಿನದೇ ಮೊದಲ ಹಕ್ಕು. ಹಾರ್ನ್ ಕೇಳಿದರೆ ಬದಿಗೆ ಸರಿದು ನಿಲ್ಲು. ಡ್ರೈವರ್ ಕೈ ಮಾಡಿ ಹಿಂದಕ್ಕೆ ಹೋಗು ಅಂದರೆ ಹೋಗಲೇಬೇಕು.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ವಿಷಯಕ್ಕೆ ಬರುತ್ತೇನೆ. ಈ ದೇಶಗಳ ನಡುವೆ ಗಡಿ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ನೀಲಿ ಫಲಕದ ಮೇಲೆ ನಕ್ಷತ್ರಗಳ ಸುತ್ತು, ನಡುವೆ ದೇಶದ ಹೆಸರು, ಅಷ್ಟೇ. ಆದರೆ ಆ ಫಲಕ ದಾಟಿದ ಕೂಡಲೇ ನಿಯಮ ಬದಲಾಗಿರುತ್ತದೆ. ಹೇಳುವವರು ಯಾರೂ ಇರುವುದಿಲ್ಲ.

ಜರ್ಮನಿಯ ಹೆದ್ದಾರಿಗೆ ಕಾರುಗಳಿಂದ ಟೋಲ್ ಇಲ್ಲ. ಆಸ್ಟ್ರಿಯಾಕ್ಕೆ ಕಾಲಿಟ್ಟರೆ ಹೆದ್ದಾರಿಗೆ ವಿನ್ಯೆಟ್ ಬೇಕು. ಅದು ಇಂತಿಷ್ಟು ದಿನಕ್ಕೆ ಅಂತ ಕೊಳ್ಳುವ ರಸ್ತೆ ಚೀಟಿ. ಕಾರಿನ ನಂಬರಿಗೆ ಜೋಡಿಸುವ ಡಿಜಿಟಲ್ ಚೀಟಿ ಸಿಗುತ್ತದೆ. ಸ್ವಿಟ್ಜರ್ಲೆಂಡಿನದು ಬೇರೆ, 40 ಫ್ರಾಂಕ್. ಅಲ್ಲಿ ವಾರದ ಚೀಟಿ, ತಿಂಗಳ ಚೀಟಿ ಇಲ್ಲ, ಒಂದು ದಿನ ಓಡಿಸಿದರೂ ವರ್ಷದ್ದೇ ತೆಗೆದುಕೊಳ್ಳಬೇಕು. ಇಟಲಿಯಲ್ಲಿ ಹೆಚ್ಚಿನ ಕಡೆ ಹೆದ್ದಾರಿ ಹತ್ತುವಾಗ ಚೀಟಿ ತೆಗೆದುಕೊಂಡು ಇಳಿಯುವಾಗ ದುಡ್ಡು ಕೊಡುವ ಪದ್ಧತಿ. ಅಲ್ಲಿ ಹಳದಿ ಟೆಲಿಪಾಸ್ ಸಾಲಿಗೆ ಮಾತ್ರ ಹೋಗಬೇಡ, ಅದು ಕಾರಿನಲ್ಲಿ ಟೋಲ್ ಯಂತ್ರ ಇಟ್ಟುಕೊಂಡವರಿಗೆ.

ಫಲಕದ ಬಣ್ಣ ಕೂಡ ಬದಲಾಗುತ್ತದೆ. ಜರ್ಮನಿ, ಆಸ್ಟ್ರಿಯಾದಲ್ಲಿ ಹೆದ್ದಾರಿ ಫಲಕ ನೀಲಿ. ಇಟಲಿ, ಸ್ವಿಟ್ಜರ್ಲೆಂಡಿನಲ್ಲಿ ಹಸಿರು. ಅಲ್ಲಿ ನೀಲಿ ಫಲಕ ಹಿಡಿದು ಹೋದರೆ ಹೆದ್ದಾರಿ ಅಲ್ಲದ ರಸ್ತೆಗೆ ಹೋಗುತ್ತೀಯ. ನಾನು ಒಂದು ಸಂಜೆ ಪೂರ್ತಿ ಹಾಗೆ ಅಲೆದಿದ್ದೇನೆ. ವೇಗದ ಮಿತಿ ಆಸ್ಟ್ರಿಯಾ, ಇಟಲಿಯ ಹೆದ್ದಾರಿಯಲ್ಲಿ 130. ಇಟಲಿಯಲ್ಲಿ ಮಳೆ ಬಂದರೆ 110. ಸ್ವಿಟ್ಜರ್ಲೆಂಡಿನಲ್ಲಿ 120, ಅಲ್ಲಿಯ ದಂಡ ಬಹಳ ಭಾರ. ಜರ್ಮನಿಯ ಕೆಲವು ಭಾಗಗಳಲ್ಲಿ ಮಿತಿಯೇ ಇಲ್ಲ ಅಂತ ಕೇಳಿರುತ್ತೀಯ. ನಿಜ, ಆದರೆ ಅಲ್ಲೂ 130 ಮೀರಬೇಡಿ ಅನ್ನುವ ಸಲಹೆ ಇದೆ. ನೀನು ಅದನ್ನೇ ನಿಯಮ ಅಂದುಕೋ. ಎಡ ಸಾಲು ಹಿಂದಿಕ್ಕುವುದಕ್ಕೆ ಮಾತ್ರ. ಹಿಂದಿಕ್ಕಿ ತಕ್ಷಣ ಬಲಕ್ಕೆ ಬಾ. ಜರ್ಮನಿ, ಆಸ್ಟ್ರಿಯಾದಲ್ಲಿ ಹೆದ್ದಾರಿ ಜಾಮ್ ಆದರೆ ಆಂಬ್ಯುಲೆನ್ಸಿಗೆ ದಾರಿ ಮೊದಲೇ ಬಿಟ್ಟಿರಬೇಕು. ಎಡ ಸಾಲಿನವರು ಎಡ ಅಂಚಿಗೆ, ಉಳಿದವರೆಲ್ಲ ಬಲಕ್ಕೆ. ಸೈರನ್ ಕೇಳುವ ತನಕ ಕಾಯುವಂತಿಲ್ಲ.

ಇಟಲಿಯ ಹಳೆಯ ಊರುಗಳ ನಡುವೆ ಜೋನಾ ಎ ಟ್ರಾಫಿಕೋ ಲಿಮಿಟಾಟೋ ಅಂತ ವಲಯಗಳಿವೆ, ಅನುಮತಿ ಇಲ್ಲದ ಕಾರು ಒಳಗೆ ಹೋಗುವಂತಿಲ್ಲ. ಬಿಳಿ ವೃತ್ತಕ್ಕೆ ಕೆಂಪು ಅಂಚಿನ ಫಲಕ, ಮೇಲೆ ಕ್ಯಾಮೆರಾ. ಗೇಟು ಇಲ್ಲ, ಪೊಲೀಸರಿಲ್ಲ. ನಾವು ಹೋಟೆಲ್ ಹುಡುಕುತ್ತಾ ಒಂದು ಊರಿನಲ್ಲಿ ಒಳಗೆ ನುಗ್ಗಿಬಿಟ್ಟೆವು. ದಾರಿ ತಪ್ಪಿ ಹೊರಗೆ ಬಂದು ಮತ್ತೆ ಒಳಗೆ ಹೋದೆವು. ಏನೂ ಆಗಲಿಲ್ಲ ಅಂದುಕೊಂಡೆವು. ಏಳು ತಿಂಗಳ ಮೇಲೆ ಮನೆಗೆ ಎರಡು ದಂಡದ ಕಾಗದ ಬಂತು, ಪ್ರತಿ ಸಲ ದಾಟಿದ್ದಕ್ಕೆ ಒಂದೊಂದು. ಬಾಡಿಗೆ ಕಂಪನಿ ನಮ್ಮ ವಿಳಾಸ ಕೊಟ್ಟಿದ್ದಕ್ಕೆ ಅಂತ ಬೇರೆ ಶುಲ್ಕ ಹಿಡಿದಿತ್ತು. ಫಲಕದಲ್ಲಿ 'ವಾರ್ಕೊ ಆಟ್ಟಿವೊ' ಅಂತ ಇದ್ದರೆ ನಿಷೇಧ ಈಗ ಜಾರಿಯಲ್ಲಿದೆ ಅಂತ ಅರ್ಥ. ಉಳಿಯುವ ಜಾಗ ಆ ವಲಯದ ಒಳಗಿದ್ದರೆ ಮೊದಲೇ ಅವರಿಗೆ ಬರೆದು ಕೇಳು. ಎಷ್ಟೋ ಕಡೆ ಹೋಟೆಲ್‌ನವರು ಕಾರಿನ ನಂಬರನ್ನು ನೋಂದಾಯಿಸಿ ಕೊಡುತ್ತಾರೆ. ಇಲ್ಲದಿದ್ದರೆ ಹೊರಗೆ ನಿಲ್ಲಿಸಿ ನಡೆದುಬಿಡು. ಬಿಳಿ ಗೆರೆಯ ಪಾರ್ಕಿಂಗ್ ಸಾಮಾನ್ಯವಾಗಿ ಉಚಿತ, ನೀಲಿಗೆ ದುಡ್ಡು, ಹಳದಿ ಬೇರೆಯವರಿಗೆ ಮೀಸಲು.

ಇನ್ನು ಬಲಗಡೆ ಓಡಿಸುವುದು. ಇದರ ಬಗ್ಗೆ ಎಲ್ಲರೂ ಹೇಳುತ್ತಾರೆ. ಆದರೆ ಯಾವಾಗ ತಪ್ಪಾಗುತ್ತದೆ ಅಂತ ಯಾರೂ ಹೇಳುವುದಿಲ್ಲ. ಟ್ರಾಫಿಕ್ ಇದ್ದಾಗ ತಪ್ಪಾಗುವುದು ಕಡಿಮೆ. ಮುಂದಿನ ಕಾರಿನ ಹಿಂದೆ ಹೋಗುತ್ತೀಯ, ಅಷ್ಟೆ. ತಪ್ಪಾಗೋದು ಖಾಲಿ ರಸ್ತೆಯಲ್ಲಿ, ನಿಲ್ಲಿಸಿ ಮತ್ತೆ ಹೊರಟಾಗ. ಅದೂ ಮೊದಲ ದಿನ ಅಲ್ಲ, ಅಭ್ಯಾಸ ಆಯಿತು ಅಂದುಕೊಂಡ ಮೇಲೆ. ನನಗೆ ಆದದ್ದು ಐದನೇ ದಿನ. ಆಸ್ಟ್ರಿಯಾದ ಒಂದು ಹಳ್ಳಿ, ಬೆಳಗಿನ ಹೊತ್ತು. ಪೆಟ್ರೋಲ್ ಹಾಕಿಸಿಕೊಂಡು ಬಂಕಿನಿಂದ ಹೊರಗೆ ಬಂದೆ. ರಸ್ತೆಯಲ್ಲಿ ಒಂದು ನರಪಿಳ್ಳೆ ಇಲ್ಲ. ಎಡಗಡೆಗೆ ಹಳೆಯ ಅಭ್ಯಾಸದಲ್ಲಿ ಹೋಗಿಬಿಟ್ಟೆ. ತಿರುವಿನಲ್ಲಿ ಎದುರಿಗೆ ಲಾರಿ. ಅವನು ಲೈಟು ಹೊಡೆದು ನಿಲ್ಲಿಸಿದ, ನಿನ್ನ ಮಾವ ಕೂಗಿದರು, ನಾನೂ ನಿಲ್ಲಿಸಿದೆ. ನಡುವೆ ಒಂದು ಕಾರಿನಷ್ಟು ಜಾಗ ಉಳಿದಿತ್ತು. ಕೈ ನಡುಕ ನಿಲ್ಲೋದಕ್ಕೆ ಅರ್ಧ ಗಂಟೆ ಬೇಕಾಯಿತು.

ಅವತ್ತಿನಿಂದ ಒಂದು ಪದ್ಧತಿ ಮಾಡಿಕೊಂಡೆವು. ಕಾರು ನಿಂತಲ್ಲಿಂದ ಹೊರಡುವಾಗೆಲ್ಲ ಪಕ್ಕದಲ್ಲಿ ಕೂತವರು ಗಟ್ಟಿಯಾಗಿ "ಬಲ" ಅನ್ನಬೇಕು. ಓಡಿಸುವವರು ಕೇಳಿಸಿಕೊಂಡು "ಬಲ" ಅಂತ ತಿರುಗಿ ಹೇಳಬೇಕು. ಇದೊಂದನ್ನು ನೀವಿಬ್ಬರೂ ಮಾಡಲೇಬೇಕು, ನನಗೆ ಮಾತು ಕೊಡು.

ಫಲಕ, ಸಿಗ್ನಲ್ ಏನೂ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವ ಕಾರಿಗೆ ಮೊದಲ ಹಕ್ಕು. ನೀನು ದೊಡ್ಡ ರಸ್ತೆಯಲ್ಲಿದ್ದೀಯ ಅನಿಸಿದರೂ ಅಷ್ಟೆ. ಅವರು ನಿಲ್ಲಿಸುವುದಿಲ್ಲ, ಹಕ್ಕು ತಮ್ಮದು ಅಂತ ಬಂದೇ ಬರುತ್ತಾರೆ. ಬಿಳಿ ಅಂಚಿನ ಹಳದಿ ವಜ್ರದಾಕಾರದ ಫಲಕ ಕಂಡರೆ ಮಾತ್ರ ಆ ರಸ್ತೆಯಲ್ಲಿ ನಿನ್ನದು ಮೊದಲ ಹಕ್ಕು. ಈ ಫಲಕವನ್ನು ಹೊರಡುವ ಮೊದಲೇ ಗುರುತು ಮಾಡಿಕೋ.

ವಿಮಾನ ಇಳಿದ ದಿನ ಸ್ಟಿಯರಿಂಗ್ ಮುಟ್ಟಬೇಡ. ನಿದ್ದೆಗೆಟ್ಟು ಓಡಿಸುವುದು ಕುಡಿದು ಓಡಿಸುವುದಕ್ಕಿಂತ ಒಳ್ಳೆಯದೇನಲ್ಲ. ಒಂದು ರಾತ್ರಿ ಮ್ಯೂನಿಕ್‌ನಲ್ಲಿ ಮಲಗಿ, ಮಾರನೇ ದಿನ ಬೆಳಗ್ಗೆ ಕಾರು ತೆಗೆದುಕೋ.

ಕಾರು ಕೈಗೆ ಬಂದಾಗ ಸುತ್ತಲೂ ವಿಡಿಯೊ ಮಾಡು. ಚಕ್ರದ ಅಂಚು, ಚಾವಣಿ, ಗಾಜು, ಇಂಧನದ ಮುಳ್ಳು, ಎಲ್ಲ. ನಾನು ಹಾಗೆ ಮಾಡದೆ, ಹಿಂದಿನವರು ಮಾಡಿದ ಗೀರಿಗೆ ದುಡ್ಡು ಕಟ್ಟಿದ್ದೇನೆ. ಯಾವ ಯಾವ ದೇಶಕ್ಕೆ ಹೋಗುತ್ತೀಯ ಅಂತ ಬುಕ್ ಮಾಡುವಾಗಲೇ ಹೇಳು, ಒಪ್ಪಂದದಲ್ಲಿ ಬರೆಸು. ಹೇಳದೆ ಗಡಿ ದಾಟಿದರೆ ವಿಮೆ ಕೈಕೊಡಬಹುದು. ಗೆಳತಿಯೂ ಓಡಿಸುತ್ತಾಳೆ ಅಂದರೆ ಅವಳ ಹೆಸರೂ ಅದರಲ್ಲಿರಲಿ. ಠೇವಣಿಗೆ ಓಡಿಸುವವರ ಹೆಸರಿನ ಕ್ರೆಡಿಟ್ ಕಾರ್ಡೇ ಬೇಕು ಅನ್ನುವವರು ಜಾಸ್ತಿ. ಟೈರು, ಗಾಜು, ಕಾರಿನ ತಳ ಇವು ವಿಮೆಯಲ್ಲಿ ಸೇರಿವೆಯಾ ಅಂತ ಓದು. ಬೆಟ್ಟದ ರಸ್ತೆಯಲ್ಲಿ ಪೆಟ್ಟು ಬೀಳೋದು ಅವಕ್ಕೇ. ಇಂಧನ ಹಾಕುವಾಗ ಹೆಸರು ನೋಡಿ ಗಾಬರಿಯಾಗಬೇಡ, ಇಟಲಿಯಲ್ಲಿ ಗಾಸೋಲಿಯೊ ಅಂದರೆ ಡೀಸೆಲ್. ಗುಂಡಗಿನ ಗುರುತಿನಲ್ಲಿ ಇ ಅಕ್ಷರ ಇದ್ದರೆ ಪೆಟ್ರೋಲ್, ಚೌಕದಲ್ಲಿ ಬಿ ಇದ್ದರೆ ಡೀಸೆಲ್.

ಕಾಗದಪತ್ರದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಈ ನಾಲ್ಕು ದೇಶಕ್ಕೂ ಒಂದೇ ಷೆಂಗೆನ್ ವೀಸಾ ಸಾಕು. ಷೆಂಗೆನ್ ಅಂದರೆ ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ದೇಶಗಳ ಕೂಟ. ಯಾವ ದೇಶದಲ್ಲಿ ಜಾಸ್ತಿ ದಿನ ಇರುತ್ತೀಯೋ ಆ ದೇಶಕ್ಕೆ ಅರ್ಜಿ ಹಾಕಬೇಕು. ದಿನ ಸಮ ಇದ್ದರೆ ಮೊದಲು ಕಾಲಿಡುವ ದೇಶಕ್ಕೆ. ಪ್ರಯಾಣಕ್ಕೆ 6 ತಿಂಗಳ ಮೊದಲಿನಿಂದ ಹಾಕಬಹುದು, ಕೊನೇ ಪಕ್ಷ 15 ದಿನ ಮೊದಲಾದರೂ ಹಾಕಿರಲೇಬೇಕು. ನೀನು ಅಷ್ಟು ತಡ ಮಾಡಬೇಡ. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಬೇಕು. ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸು. ಅದರ ಜೊತೆ ಮೂಲ ಲೈಸೆನ್ಸೂ ಇರಬೇಕು, ಒಂದೇ ಸಾಲದು. ಗಡಿ ತೆರೆದಿದೆ ಅಂತ ಪಾಸ್‌ಪೋರ್ಟನ್ನು ಹೋಟೆಲಿನಲ್ಲಿ ಬಿಟ್ಟು ಹೋಗಬೇಡ. ಜರ್ಮನಿ 2024ರ ಸೆಪ್ಟೆಂಬರ್‌ನಲ್ಲಿ ತನ್ನ ಎಲ್ಲ ಭೂಗಡಿಗಳಲ್ಲೂ ತಪಾಸಣೆ ಶುರು ಮಾಡಿತು.

ಸ್ವಿಟ್ಜರ್ಲೆಂಡ್ ಷೆಂಗೆನ್ ಒಳಗಿದೆ, ಯುರೋಪಿಯನ್ ಒಕ್ಕೂಟದ ಹೊರಗಿದೆ. ಹಾಗಾಗಿ ದುಡ್ಡು ಫ್ರಾಂಕ್ ಆಗುತ್ತದೆ. ಉಳಿದ ಮೂರು ದೇಶಗಳಲ್ಲಿ ಓಡಿದ ಸಿಮ್ ಅಲ್ಲಿ ಓಡದೆ ಇರಬಹುದು, ಇಲ್ಲವೇ ಬಿಲ್ಲು ಜೋರಾಗಿ ಬರಬಹುದು. ಗಡಿಗೆ ಮೊದಲೇ ನಕ್ಷೆಯನ್ನು ಫೋನಿಗೆ ಇಳಿಸಿಕೋ. ಕಾರ್ಡ್ ಯಂತ್ರ ನಿನ್ನ ದೇಶದ ದುಡ್ಡಿನಲ್ಲಿ ಕೊಡುತ್ತೀಯಾ ಅಂತ ಕೇಳಿದರೆ ಬೇಡ ಅನ್ನು, ಅಲ್ಲಿಯ ದುಡ್ಡೇ ಆರಿಸು. ಏನೇ ಆದರೂ 112ಕ್ಕೆ ಫೋನ್ ಮಾಡು, ನಾಲ್ಕೂ ದೇಶದಲ್ಲಿ ಅದೇ ನಂಬರು.

ನಡುವೆ ಎರಡು ದಿನ ಖಾಲಿ ಬಿಡು. ಒಂದನ್ನು ಡೋಲಮೈಟ್ಸ್‌ನಲ್ಲಿ. ಅಲ್ಲಿ ಸಂಜೆ ಬಿಸಿಲು ಬಿದ್ದಾಗ ಬಂಡೆಗಳು ಗುಲಾಬಿ ಬಣ್ಣಕ್ಕೆ ತಿರುಗುತ್ತವೆ. ಮೋಡ ಇದ್ದರೆ ಕಾಣಿಸುವುದಿಲ್ಲ. ಎರಡು ಸಂಜೆ ಇದ್ದರೆ ಒಂದಾದರೂ ಸಿಗುತ್ತದೆ ಅಂತ ಆಸೆ. ನಮಗೆ ಎರಡನೇ ಸಂಜೆ ಸಿಕ್ಕಿತು. ಇನ್ನೊಂದು ಖಾಲಿ ದಿನ ಎಲ್ಲಿ ಅಂತ ನೀನೇ ನಿರ್ಧರಿಸು.

ಹೊಸ ಪಟ್ಟಿ ಮಾಡಿ ಕಳಿಸು. ಪ್ರತಿ ದಿನದ ಎದುರು ಗಂಟೆ ಬರೆದಿರು. ನಾಲ್ಕು ಗಂಟೆಗಿಂತ ಜಾಸ್ತಿ ಇದ್ದರೆ ನಾನು ಮತ್ತೆ ಪೆನ್ಸಿಲ್ ಹಿಡಿಯುತ್ತೇನೆ.

ನಿನ್ನ,
ಅತ್ತೆ