ಆಶ್ರಯ ಕೇಂದ್ರಗಳಿಗೆ ವಾರ ತಪ್ಪದೆ ಬರುವವರು ಬೇಕು

ಮಾನ್ಯ ಸಂಪಾದಕರೇ,

ಶಾಲೆ, ಆಸ್ಪತ್ರೆ, ಬಸ್ ಮತ್ತು ರೈಲು ನಿಲ್ದಾಣಗಳ ಆವರಣದಲ್ಲಿರುವ ಬೀದಿನಾಯಿಗಳನ್ನು ಹಿಡಿದು, ಸಂತಾನಹರಣ ಶಸ್ತ್ರಚಿಕಿತ್ಸೆ ಮತ್ತು ಲಸಿಕೆಯ ಬಳಿಕ ಆಶ್ರಯ ಕೇಂದ್ರಗಳಲ್ಲಿ ಇರಿಸಬೇಕು, ಹಿಡಿದ ಜಾಗಕ್ಕೆ ಮರಳಿ ಬಿಡಬಾರದು ಎಂದು ಸುಪ್ರೀಂ ಕೋರ್ಟ್ 2025ರ ನವೆಂಬರ್ 7ರಂದು ಆದೇಶಿಸಿದ ಮೇಲೆ, ಇಂಥ ಕೇಂದ್ರಗಳಿಗೆ ಜಾಗ ಎಲ್ಲಿ, ಹಣ ಯಾರದು ಎಂಬ ಚರ್ಚೆ ಪತ್ರಿಕೆಗಳಲ್ಲಿ ಸಾಕಷ್ಟು ನಡೆದಿದೆ. ಅಲ್ಲಿ ಸೇರಿದ ಪ್ರಾಣಿಗಳನ್ನು ದಿನವೂ ನೋಡಿಕೊಳ್ಳಲು ಜನ ಎಲ್ಲಿಂದ ಬರಬೇಕು ಎಂಬ ಪ್ರಶ್ನೆಗೆ ಅಷ್ಟು ಗಮನ ಸಿಕ್ಕಿಲ್ಲ. ಮೈಸೂರಿನ ಒಂದು ಪ್ರಾಣಿ ಆಶ್ರಯ ಕೇಂದ್ರದಲ್ಲಿ ಕೆಲವು ವರ್ಷಗಳಿಂದ ಭಾನುವಾರದ ಬೆಳಿಗ್ಗೆ ಕೆಲಸ ಮಾಡುತ್ತಿರುವ ನಾನು ಈ ಕುರಿತು ನಾಲ್ಕು ಮಾತು ಹೇಳಬಯಸುತ್ತೇನೆ.

ಹುಟ್ಟುಹಬ್ಬದ ದಿನ ಬಿಸ್ಕತ್ತಿನ ಪೊಟ್ಟಣ ಹಿಡಿದು ಬಂದು, ಮರಿಗಳನ್ನು ಎತ್ತಿಕೊಂಡು ಫೋಟೊ ತೆಗೆಸಿಕೊಂಡು ಹೋಗುವವರಿಗೆ ಕೊರತೆಯಿಲ್ಲ. ಅವರ ಪ್ರೀತಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಒಂದು ಗೂಡಿನ ಮರಿಯನ್ನು ಮುಟ್ಟಿದ ಕೈಯಲ್ಲೇ ಪಕ್ಕದ ಗೂಡಿನ ಮರಿಯನ್ನೂ ಎತ್ತಿಕೊಂಡರೆ ಪಾರ್ವೊ ರೋಗ ಹರಡಲು ಅಷ್ಟೇ ಸಾಕು. ಈ ವೈರಾಣು ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಚಪ್ಪಲಿಗೆ ಅಂಟಿಕೊಂಡೂ ಸಾಗುತ್ತದೆ. ವಾಂತಿ ಮತ್ತು ರಕ್ತಭೇದಿಯಿಂದ ನಿತ್ರಾಣವಾದ ಮರಿ ಎರಡು ಮೂರು ದಿನಗಳಲ್ಲೇ ಸಾಯಬಹುದು. ಆದ್ದರಿಂದಲೇ ಅನುಭವಸ್ಥ ಕೆಲಸಗಾರರು ಮೊದಲು ಆರೋಗ್ಯವಾಗಿರುವ ಮರಿಗಳ ಗೂಡು, ಆಮೇಲೆ ದೊಡ್ಡ ನಾಯಿಗಳದು, ಕಟ್ಟಕಡೆಗೆ ಕಾಯಿಲೆ ಬಿದ್ದವುಗಳ ಕೋಣೆ ಎಂಬ ಕ್ರಮವನ್ನು ತಪ್ಪಿಸುವುದಿಲ್ಲ. ಮಲವನ್ನು ಬಳಿದು ತೆಗೆದು ನೆಲ ತೊಳೆದ ನಂತರವಷ್ಟೇ ಬ್ಲೀಚಿಂಗ್ ಪುಡಿಯ ನೀರು ಹಾಕುತ್ತಾರೆ, ಏಕೆಂದರೆ ಕೊಳೆಯ ಮೇಲೆಯೇ ಸುರಿದರೆ ಅದರ ಶಕ್ತಿ ಕುಂದುತ್ತದೆ. ಬೆಕ್ಕುಗಳಿರುವ ಕಡೆ ಫಿನಾಯಿಲ್ ಬಳಸುವುದೇ ಇಲ್ಲ, ಅದು ಬೆಕ್ಕಿಗೆ ವಿಷ. ಒಂದು ಬೆಳಿಗ್ಗೆ ಬಂದು ಹೋಗುವವರಿಗೆ ಇವನ್ನೆಲ್ಲ ಕಲಿಸಿ ಮುಗಿಸಲು ಆಗದು.

ಪ್ರಾಣಿಗಳ ಕಡೆಯಿಂದ ನೋಡಿದರೂ ಬರುವವರ ಮುಖ ಪರಿಚಿತವಾಗಿರಬೇಕು. ವಾಹನ ಬಡಿದು ಹಿಂಗಾಲು ಮುರಿದಿದ್ದ ಕಂದು ಬಣ್ಣದ ಹೆಣ್ಣುನಾಯಿಯೊಂದು ನಮ್ಮಲ್ಲಿಗೆ ಬಂದ ಹೊಸತರಲ್ಲಿ ಗೋಡೆಗೆ ಮುಖ ಮಾಡಿ ಮಲಗಿರುತ್ತಿತ್ತು. ಯಾರಾದರೂ ಎದುರಿಗಿದ್ದರೆ ತಟ್ಟೆ ಮುಟ್ಟುತ್ತಿರಲಿಲ್ಲ. ನಿವೃತ್ತ ಶಿಕ್ಷಕರೊಬ್ಬರು ವಾರವಾರವೂ ಅದರ ಗೂಡಿನಲ್ಲಿ, ಅದರತ್ತ ನೋಡದೆ ಪಕ್ಕಕ್ಕೆ ತಿರುಗಿ ಕುಳಿತು, ಮೆಲುದನಿಯಲ್ಲಿ ಪತ್ರಿಕೆ ಓದುತ್ತಿದ್ದರು. ಮೊದಮೊದಲು ಅದರ ಕಿವಿ ಮಾತ್ರ ಇತ್ತ ಹೊರಳುತ್ತಿತ್ತು. ಎಷ್ಟೋ ವಾರಗಳ ಮೇಲೆ ಅದು ಕುಂಟುತ್ತಾ ಬಂದು ಅವರ ಮೊಣಕೈಯನ್ನು ಮೂಸಿತು, ಅಂಗೈಯಿಂದ ಮೊಸರನ್ನ ತಿಂದಿತು. ಮನುಷ್ಯರಿಗೆ ಒಗ್ಗದ ನಾಯಿಯನ್ನು ದತ್ತು ಪಡೆಯಲು ಯಾರೂ ಮುಂದೆ ಬರುವುದಿಲ್ಲ. ಗೂಡು ಖಾಲಿಯಾಗದಿದ್ದರೆ ಬೀದಿಯಲ್ಲಿ ಗಾಯಗೊಂಡು ಬಿದ್ದ ಇನ್ನೊಂದಕ್ಕೆ ಜಾಗವೂ ಸಿಗುವುದಿಲ್ಲ. ಸಂಬಳದ ಕೆಲಸಗಾರರಿಗೆ ಅಡುಗೆ, ತೊಳೆಯುವುದು, ಔಷಧಿ ಕೊಡುವುದು ಇಷ್ಟರಲ್ಲೇ ಹೊತ್ತು ಮುಗಿದುಹೋಗುತ್ತದೆ. ಹೀಗೆ ಸುಮ್ಮನೆ ಕುಳಿತಿರುವ ಪುರಸೊತ್ತು ಸ್ವಯಂಸೇವಕರಿಗೆ ಮಾತ್ರ ಸಾಧ್ಯ. ನಾಯಿಯೆಂದರೆ ಅಂಜುವವರಿಗೂ ಅಲ್ಲಿ ಕೆಲಸವಿದೆ: ಔಷಧಿಯ ಪುಸ್ತಕ ಬರೆಯುವುದು, ದತ್ತು ಕೊಟ್ಟ ಮನೆಗಳಿಗೆ ಫೋನ್ ಮಾಡಿ ಲಸಿಕೆ ಹಾಕಿಸಿದರೇ ಎಂದು ವಿಚಾರಿಸುವುದು, ಹಳೆಯ ಸೀರೆಗಳನ್ನು ಒಗೆದು ಮಳೆಗಾಲಕ್ಕೆ ಹಾಸಿಗೆ ಮಾಡಿಡುವುದು.

ರಾಷ್ಟ್ರೀಯ ಸೇವಾ ಯೋಜನೆಯ ವಿದ್ಯಾರ್ಥಿಗಳು ವರ್ಷಕ್ಕೆ 120 ಗಂಟೆ ಸೇವೆ ಮಾಡಬೇಕೆಂಬ ನಿಯಮವಿದೆ. ಅದರಲ್ಲಿ ಒಂದು ಪಾಲನ್ನು ವಾರಕ್ಕೆ ಎರಡು ಗಂಟೆಯಂತೆ ಹತ್ತಿರದ ಆಶ್ರಯ ಕೇಂದ್ರದಲ್ಲಿ ಸಲ್ಲಿಸಲು ಕಾಲೇಜುಗಳು ಅವಕಾಶ ಮಾಡಿಕೊಡಬೇಕು. ಮಕ್ಕಳನ್ನು ಕಳಿಸಲು ತಂದೆತಾಯಂದಿರು ಹಿಂಜರಿಯುವುದು ರೇಬಿಸ್ ಭಯದಿಂದ, ಆ ಭಯ ಸಹಜವಾದದ್ದೇ. ಆದ್ದರಿಂದ ಕೆಲಸಕ್ಕೆ ಇಳಿಯುವ ಮೊದಲೇ ಸ್ವಯಂಸೇವಕರಿಗೆ ಮುಂಜಾಗ್ರತಾ ಲಸಿಕೆಯ ಮೂರೂ ಡೋಸ್‌ಗಳನ್ನು ಉಚಿತವಾಗಿ ಕೊಡಿಸಬೇಕು. ಅದನ್ನು ಪಡೆದವರಿಗೆ ಮುಂದೆ ನಾಯಿ ಕಚ್ಚಿದರೆ, ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಡಮಾಡದೆ ವೈದ್ಯರ ಬಳಿ ಹೋಗಿ ಎರಡು ಡೋಸ್ ಪಡೆದರೆ ಸಾಕು, ಇಮ್ಯುನೊಗ್ಲಾಬ್ಯುಲಿನ್ ಎಂಬ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು ಬೇಕಾಗುವುದಿಲ್ಲ. ಹೊಸ ಕೇಂದ್ರಗಳಿಗೆ ಟೆಂಡರ್ ಕರೆಯುವಾಗಲೇ ಪಾಲಿಕೆಗಳು ಸ್ವಯಂಸೇವಕರ ನೋಂದಣಿ, ತರಬೇತಿ ಮತ್ತು ಲಸಿಕೆಯ ಖರ್ಚನ್ನೂ ಅಂದಾಜು ಪಟ್ಟಿಯಲ್ಲಿ ಸೇರಿಸಲಿ. ಪರೀಕ್ಷೆಯ ದಿನಗಳಲ್ಲಿ ವಿದ್ಯಾರ್ಥಿಗಳು ಬರಲಾಗದಿದ್ದಾಗ ಅವರ ಪಾಳಿಯನ್ನು ನಿವೃತ್ತರಿಗೆ ವಹಿಸಬಹುದು. ಬೆಳಗಿನ ವಾಕಿಂಗ್ ಮುಗಿಸಿ ಇಂಥ ಕೆಲಸಕ್ಕೆ ಕೈಜೋಡಿಸಬಲ್ಲ ಹಿರಿಯರು ನಮ್ಮ ಊರಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ.

– ಒಬ್ಬ ಸ್ವಯಂಸೇವಕಿ, ಮೈಸೂರು