ಗುಜರಿಗೆ ಹಾಕುವ ಮುನ್ನ ಹಳೆಯ ಕಂಪ್ಯೂಟರಿನ ಕನ್ನಡ ಉಳಿಸಿಕೊಳ್ಳಿ

ಮಾನ್ಯ ಸಂಪಾದಕರೇ,

ನಮ್ಮ ಭಾಗದ ಮುದ್ರಣಾಲಯಗಳಲ್ಲಿ, ಮಠಗಳ ಕಚೇರಿಗಳಲ್ಲಿ 1990ರ ದಶಕದ ಕಂಪ್ಯೂಟರ್‌ಗಳು ಇನ್ನೂ ಮೂಲೆ ಹಿಡಿದು ಕುಳಿತಿವೆ. ಜಾಗ ಬೇಕಾದ ದಿನ ಅವು ತೂಕದ ಲೆಕ್ಕದಲ್ಲಿ ಗುಜರಿ ಸೇರುತ್ತವೆ. ಒಳಗಿರುವ ಕನ್ನಡ ಬರಹವೂ ಅವುಗಳೊಂದಿಗೇ ಹೋಗುತ್ತದೆ.

ಬ್ರಹ್ಮಪುರದ ನಮ್ಮ ಪ್ರೆಸ್ಸಿನಲ್ಲಿ ಅಂಥದೇ ಒಂದು, 386 ಎಂಬ ಹಳೆಯ ಪ್ರೊಸೆಸರಿನ ಕಂಪ್ಯೂಟರ್ ಇದೆ. ಜಾತ್ರೆಯ ಕರಪತ್ರ, ಲಗ್ನಪತ್ರಿಕೆಗಳಲ್ಲದೆ, ಹಾಡುವವರ ಬಾಯಿಂದ ಕೇಳಿ ಬರೆದುಕೊಂಡ ತತ್ವಪದಗಳ ಸಂಗ್ರಹವೂ ಅದರಲ್ಲಿತ್ತು. ವಿಂಡೋಸ್‌ಗಿಂತ ಹಿಂದಿನ ಡಾಸ್ ಪರದೆಯಲ್ಲಿ ಕನ್ನಡ ಮೂಡುತ್ತಿದ್ದುದು, ಸರ್ಕಾರಿ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್‌ ರೂಪಿಸಿದ, ಭಾರತೀಯ ಲಿಪಿ ತೋರಿಸುವ ಜಿಸ್ಟ್ ಕಾರ್ಡಿನಿಂದ. ಆ ಕಾರ್ಡು ಕೂಡುವ ಐಸಾ ಎಂಬ ಹಳೆಯ ಮಾದರಿಯ ಸ್ಲಾಟ್ ಈಗಿನ ಮನೆಬಳಕೆಯ ಕಂಪ್ಯೂಟರ್‌ಗಳಲ್ಲಿ ಇರುವುದಿಲ್ಲವಾದ್ದರಿಂದ, ಹಳೆಯ ಡಿಸ್ಕನ್ನಷ್ಟೇ ಬಿಚ್ಚಿ ಒಯ್ದರೆ ಕಡತಗಳು ದಕ್ಕಬಹುದಾದರೂ, ಅವನ್ನು ಮೂಲದೊಂದಿಗೆ ತಾಳೆ ನೋಡಬೇಕೆಂದರೆ ಯಂತ್ರವೇ ಜೀವಂತವಾಗಿರಬೇಕು. ರಿಪೇರಿ ಅಂಗಡಿಯೊಂದರಲ್ಲಿ ಇದನ್ನು ಹೇಳಿದಾಗ, ಬಿಸಾಕಿ ಹೊಸದು ಕೊಳ್ಳಿ ಎಂಬ ಉತ್ತರ ಬಂತು. ನನಗೆ ನಿಜಕ್ಕೂ ನೋವಾಯಿತು.

ಮೊದಲು ಮಾಡಬೇಕಾದುದು, ಸ್ವಿಚ್ ಹಾಕುವ ಮುಂಚೆಯೇ, ಮದರ್‌ಬೋರ್ಡಿನ ಮೇಲಿನ ಬ್ಯಾಟರಿಯನ್ನು ನೋಡುವುದು. ಅದು ಸೋರಿದರೆ ಬೋರ್ಡಿನ ತಾಮ್ರದ ಗೆರೆಗಳನ್ನೇ ತಿಂದುಹಾಕುತ್ತದೆ. ಆಮೇಲೆ ಹಳೆಯ ಡಿಸ್ಕಿಗೆ ಬದಲಿ ಹುಡುಕುವ ವಿಷಯ. ಕಾಂಪ್ಯಾಕ್ಟ್ ಫ್ಲ್ಯಾಶ್ ಎಂಬ ಮೆಮೊರಿ ಕಾರ್ಡಿಗೆ ಐಡಿಇ ಎಂಬ ಹಳೆಯ ಜೋಡಣೆಯ ಡಿಸ್ಕಿನ ಭಾಷೆಯೇ ಗೊತ್ತಿರುವುದರಿಂದ, ಪಿನ್ನುಗಳನ್ನು ಹೊಂದಿಸುವ ಚಿಕ್ಕ ಅಡಾಪ್ಟರ್ ಸಾಕು. ನಮ್ಮ ಯಂತ್ರದ ಬಯೋಸ್‌ನಲ್ಲಿ (ಯಂತ್ರ ಶುರುವಾಗುವಾಗ ನಡೆಯುವ ಮೂಲ ತಂತ್ರಾಂಶ) ಡಿಸ್ಕಿನ ಅಳತೆ ಹೇಳುವ ಸಿಲಿಂಡರ್, ಹೆಡ್, ಸೆಕ್ಟರ್ ಸಂಖ್ಯೆಗಳನ್ನು ಕೈಯಾರೆ ತುಂಬಬೇಕಾಯಿತು, ಮತ್ತು 4 ಜಿಬಿ ಕಾರ್ಡಿನಲ್ಲಿ ಅದಕ್ಕೆ ಕಂಡದ್ದು 504 ಎಂಬಿ ಮಾತ್ರ. ಮೂಲ ಡಿಸ್ಕ್ ಬರೀ 40 ಎಂಬಿಯದಾಗಿದ್ದರಿಂದ ಅಷ್ಟೇ ಧಾರಾಳವಾಯಿತು. ಕರ್ರೆನ್ನುತ್ತಿದ್ದ ಹಳೆಯ ಡಿಸ್ಕಿನಿಂದ ಎಲ್ಲವನ್ನೂ ಕಾರ್ಡಿಗೆ ನಕಲಿಸಿದೆವು.

ಇನ್ನು ಕಡತಗಳನ್ನು ಹೊಸ ಕಂಪ್ಯೂಟರಿಗೆ ಸಾಗಿಸಲು ವೈಫೈ. ಇಎಸ್‌ಪಿ8266 ಎಂಬ ಪುಟ್ಟ ವೈಫೈ ಬೋರ್ಡನ್ನು, ಹಿಂದೆ ಮೋಡೆಮ್ ಕೂಡಿಸುತ್ತಿದ್ದ ಸೀರಿಯಲ್ ಪೋರ್ಟಿಗೆ ಜೋಡಿಸಿದರೆ, ಹಳೆಯ ಯಂತ್ರ ಅದನ್ನು ಟೆಲಿಫೋನ್ ಮೋಡೆಮ್ ಎಂದೇ ತಿಳಿಯುತ್ತದೆ. ಫೋನ್ ನಂಬರಿನ ಜಾಗದಲ್ಲಿ ಇನ್ನೊಂದು ಕಂಪ್ಯೂಟರಿನ ವಿಳಾಸ ಕೊಟ್ಟರೆ ಸಂಪರ್ಕ ಸಿಗುತ್ತದೆ. ಆದರೆ ಈ ಬೋರ್ಡು ನಡೆಯುವುದು 3.3 ವೋಲ್ಟಿನಲ್ಲಿ, ಸೀರಿಯಲ್ ಪೋರ್ಟಿನ ವಿದ್ಯುತ್ ಒತ್ತಡ ಅದಕ್ಕಿಂತ ಬಹಳ ಹೆಚ್ಚು. ನಡುವೆ ಈ ಒತ್ತಡ ಹೊಂದಿಸುವ ಮ್ಯಾಕ್ಸ್3232 ಚಿಪ್ ಇಲ್ಲದೆ ಜೋಡಿಸಿದರೆ ಬೋರ್ಡು ಸುಟ್ಟೀತು. ರೂಟರಿನಲ್ಲಿ ಈ ಬೋರ್ಡು ಬಳಸುವ 2.4 ಗಿಗಾಹರ್ಟ್ಸ್ ವೈಫೈ ಚಾಲೂ ಇರಲಿ. ಕಡತಗಳು ಗೂಢಲಿಪಿಯಿಲ್ಲದೆ ಸಾಗುವುದರಿಂದ ಈ ಸಂಪರ್ಕವನ್ನು ಮನೆಯೊಳಗಿನ ಜಾಲದಾಚೆ ಒಯ್ಯಬಾರದು. ಸೆಕೆಂಡಿಗೆ 9600 ಬಿಟ್ ವೇಗದಲ್ಲಿ ಒಂದು ಎಂಬಿ ಸಾಗಲು ಸುಮಾರು 18 ನಿಮಿಷ ಬೇಕು. ತತ್ವಪದಗಳ ಸಂಗ್ರಹವಿಡೀ ಅದಕ್ಕಿಂತ ಚಿಕ್ಕದು. ಈಗಿನ ಕಂಪ್ಯೂಟರ್‌ಗಳು ಅಕ್ಷರಗಳಿಗೆ ಬಳಸುವ ಯೂನಿಕೋಡ್ ಸಂಕೇತದಲ್ಲಿ ಭಾರತೀಯ ಲಿಪಿಗಳ ವಿನ್ಯಾಸ, ಜಿಸ್ಟ್ ಕಾರ್ಡು ಬಳಸುವ 1988ರ ಇಸ್ಕಿ ಸಂಕೇತವನ್ನೇ ಆಧರಿಸಿರುವುದರಿಂದ ಅಕ್ಷರಗಳ ಪರಿವರ್ತನೆಯೂ ಕಷ್ಟವಾಗಲಿಲ್ಲ. ಈಗ ಒಂದು ಪರದೆಯಲ್ಲಿ ಮೂಲ, ಪಕ್ಕದ ಪರದೆಯಲ್ಲಿ ಹೊಸ ಪ್ರತಿ ಇಟ್ಟುಕೊಂಡು ಸಾಲು ಸಾಲಾಗಿ ತಿದ್ದುತ್ತಿದ್ದೇನೆ.

ಕಲಬುರಗಿ, ಬೀದರ್, ಯಾದಗಿರಿಯ ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳು ಈ ಕೆಲಸವನ್ನು ಅಂತಿಮ ವರ್ಷದ ಪ್ರಾಜೆಕ್ಟ್ ಆಗಿ ವಿದ್ಯಾರ್ಥಿಗಳಿಗೆ ಕೊಡಬೇಕು, ಕಚೇರಿಗಳು ಹಳೆಯ ಯಂತ್ರಗಳನ್ನು ಹರಾಜು ಹಾಕುವ ಮೊದಲು ಅವರಿಗೊಮ್ಮೆ ತೋರಿಸಬೇಕು ಎಂದು ವಿನಂತಿಸುತ್ತೇನೆ. ಕಲಿಯಬಯಸುವ ಹುಡುಗ ಹುಡುಗಿಯರಿಗೆ ನಮ್ಮ 386 ಯಂತ್ರವನ್ನು ಬಿಚ್ಚಿ ತೋರಿಸಲು ನಾನು ಸಿದ್ಧನಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಹಿರಿಯ ಮುದ್ರಕ
ಬ್ರಹ್ಮಪುರ, ಕಲಬುರಗಿ