ಆಂಟ್ವರ್ಪ್‌ನಲ್ಲಿ ಕೀಲ್ ಕಡೆಗೂ ಹೋಗಿ ಬಾ

ಚಿ. ಪ್ರವೀಣನಿಗೆ ಕಾಕಾನ ಆಶೀರ್ವಾದಗಳು.

ತಮ್ಮಾ, ಎರಡು ಮ್ಯಾಚ್‌ಗಳ ನಡುವೆ ನಿಮಗೆ ಊರು ನೋಡಲು ಒಂದು ದಿನ ಬಿಡುವು ಕೊಟ್ಟಿದ್ದಾರೆ ಅಂತ ವೈನಿ ಹೇಳಿದರು. ಅದೂ ಬೆಲ್ಜಿಯಂನ ಆಂಟ್ವರ್ಪ್‌ನಲ್ಲಿ. ಕೆಲಸಕ್ಕೆಂದು ಕೆಲವು ವರ್ಷ ಆ ಊರಲ್ಲಿದ್ದವನು ನಾನು, ಸುಮ್ನೆ ಇರೋದು ಹೇಗೆ?

ಮೊದಲು ಕಾಲಿನ ವಿಷಯ. ಹಳೇ ಊರಿನ ಬೀದಿಗಳೆಲ್ಲ ಕಲ್ಲು ಹಾಸಿದವು. ಚಪ್ಪಲಿ ಬೇಡ, ಒಳ್ಳೆ ಶೂ ಹಾಕು. ಮರುದಿನ ಮ್ಯಾಚ್ ಇರುವವನು ಎಲ್ಲವನ್ನೂ ನೋಡಿ ಮುಗಿಸುವ ಹಟ ಮಾಡಬಾರದು.

ರೈಲಿನಲ್ಲಿ ಬಂದರೆ ನಿಲ್ದಾಣವನ್ನೇ ಸ್ವಲ್ಪ ಹೊತ್ತು ನೋಡು. 1905ರಲ್ಲಿ ಶುರುವಾದ ಕಟ್ಟಡ, ಯಾವುದೋ ಅರಮನೆಗೆ ಬಂದಂತಾಗುತ್ತದೆ. ಅಲ್ಲಿಂದ ಹೊರಟರೆ ಮೈರ್ ಅನ್ನೋ ಅಂಗಡಿ ಬೀದಿ. ನಿನ್ನ ಗೆಳೆಯರಲ್ಲಿ ಅರ್ಧ ಜನ ಅಲ್ಲೇ ಕಳೆದುಹೋಗುತ್ತಾರೆ, ಬರೆದಿಟ್ಟುಕೋ! ನೀನು ಮುಂದೆ ನಡೆ. ದೊಡ್ಡ ಚರ್ಚಿನ 123 ಮೀಟರ್ ಗೋಪುರವೇ ದಾರಿ ತೋರಿಸುತ್ತದೆ. ಒಳಗೆ ರೂಬೆನ್ಸ್ ಬರೆದ ಭಾರೀ ಚಿತ್ರಗಳಿವೆ. ಟಿಕೆಟ್ ಇದೆ ಅಂತ ಹಿಂಜರಿಯಬೇಡ. ಕೂತು ನೋಡು, ಕಾಲಿಗೂ ವಿಶ್ರಾಂತಿ.

ನದಿಯ ಅಡಿಯಲ್ಲಿ ನಡೆದು ದಾಟುವ ಸುರಂಗವೂ ಇದೆ. 1933ರದ್ದು, 572 ಮೀಟರ್ ಉದ್ದ. ಇಳಿಯಲು ಮರದ ಎಸ್ಕಲೇಟರ್, ಈಗಲೂ ಓಡುತ್ತದೆ. ಆಚೆ ದಡದಿಂದ ಊರು ಪೂರ್ತಿ ಕಾಣುತ್ತದೆ, ಫೋಟೋ ಅಲ್ಲಿ ತೆಗೆಸಿಕೋ.

ಆದರೆ ನಾನು ಪತ್ರ ಬರೆಯಲು ಕೂತಿದ್ದು ಇದಕ್ಕಲ್ಲ. ಊರಿನ ದಕ್ಷಿಣಕ್ಕೆ ಕೀಲ್ ಅಂತ ಒಂದು ಬಡಾವಣೆ. ಅಲ್ಲಿ 1920ರ ಒಲಿಂಪಿಕ್ಸ್ ಸ್ಟೇಡಿಯಂ ಇದೆ, ಈಗ ಫುಟ್‌ಬಾಲ್ ಮೈದಾನ. ಮೊದಲ ಮಹಾಯುದ್ಧ ಮುಗಿದು ಎರಡೇ ವರ್ಷ ಆಗಿತ್ತು. ಐದು ಉಂಗುರಗಳ ಬಾವುಟ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಹಾರಿದ್ದು ಅಲ್ಲೇ. ಹಾಕಿಗೆ ಬಂದಿದ್ದು ನಾಲ್ಕೇ ತಂಡ, ಚಿನ್ನ ಬ್ರಿಟನ್ನಿಗೆ. ನಮ್ಮ ಹಾಕಿ ತಂಡ ಒಲಿಂಪಿಕ್ಸ್‌ಗೆ ಹೋಗಿದ್ದು ಆಮೇಲೆ, 1928ರಲ್ಲಿ. ಆದರೆ ಮ್ಯಾರಥಾನ್‌ನಲ್ಲಿ ನಮ್ಮ ಬೆಳಗಾವಿಯವರೇ ಒಬ್ಬರು ಓಡಿದ್ದರು, ಫಡೆಪ್ಪ ದರೆಪ್ಪ ಚೌಗುಲೆ. ಅವತ್ತಿನ ದಾರಿ 42.75 ಕಿಲೋಮೀಟರ್, ಈಗಿನ ಮ್ಯಾರಥಾನಿಗಿಂತ ಅರ್ಧ ಕಿಲೋಮೀಟರ್ ಜಾಸ್ತಿ. ಸುಮಾರು 2 ಗಂಟೆ 50 ನಿಮಿಷದಲ್ಲಿ ಮುಗಿಸಿ 19ನೆಯವರಾದರು. ಹಡಗಿನಲ್ಲಿ ಹೋಗುತ್ತಿದ್ದ ಕಾಲ ಅದು. ನಿನ್ನಂತೆ ಫಿಸಿಯೋ, ಐಸ್‌ಬಾತ್ ಅವರಿಗೆಲ್ಲಿ?

ಪದಕ ಬರಲಿಲ್ಲ ಅಂತ ನಮ್ಮೂರಲ್ಲೇ ಅವರ ಹೆಸರು ಗೊತ್ತಿರುವವರು ಕಡಿಮೆ. ನನಗೆ ಇದು ಸರಿ ಕಾಣುವುದಿಲ್ಲ. ಮೊದಲ ಹನ್ನೊಂದರಲ್ಲಿ ಜಾಗ ಸಿಗಲಿಲ್ಲ ಅಂತ ನೀನು ಮುಖ ಬಾಡಿಸಿಕೊಂಡಿದ್ದೀಯಂತೆ. ಅದಕ್ಕೇ ಹೇಳ್ತಿದ್ದೀನಿ, ಆ ಮೈದಾನ ನೋಡಿ ಬಾ. ಗೇಟು ಹಾಕಿದ್ದರೆ ಹೊರಗಿನಿಂದಲೇ ಸರಿ. ಬೆಳಗಾವಿಯಿಂದ ಅಲ್ಲಿಗೆ ಆಡಲು ಹೋಗುವುದು ಸಣ್ಣ ಮಾತಾ?

ಒಬ್ಬನೇ ಹೋಗಬೇಡ. ಇಬ್ಬರನ್ನು ಕರಕೊಂಡು, ಮ್ಯಾನೇಜರ್‌ಗೆ ಹೇಳಿ ಹೋಗು. ಮತ್ತೆ, ಅಲ್ಲಿನ ಆಲೂ ಚಿಪ್ಸ್ ಬಹಳ ರುಚಿ, ಆದರೆ ಎಷ್ಟೋ ಅಂಗಡಿಗಳಲ್ಲಿ ದನದ ಕೊಬ್ಬಿನಲ್ಲಿ ಕರಿಯುತ್ತಾರೆ. ಕೇಳಿ ತಗೋ, ಇಲ್ಲಾಂದ್ರೆ ನಿಮ್ಮಜ್ಜಿ ನನ್ನನ್ನೇ ಬೈಯುತ್ತಾಳೆ.

ಇಂತಿ,
ನಿನ್ನ ಕಾಕಾ